ಕೆಳದಿ ಅರಸರ ಹಾಳು ರಾಜಧಾನಿಗಳು

ಕೆಳದಿ ಅರಸರು 1499-1500ರ ಸುಮಾರಿನಿಂದ 1763ರವರೆಗೆ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿದರು. ಅವರು ಒಂದಾದ ಮೇಲೊಂದರಂತೆ ಕಟ್ಟಿ, ಬಿಟ್ಟು, ಕೊನೆಗೆ ಕಳೆದುಕೊಂಡ ಊರುಗಳ ಅವಶೇಷಗಳು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹರಡಿವೆ. ಕೆಳದಿ, ಇಕ್ಕೇರಿ ಮತ್ತು ಬಿದನೂರು (ಈಗಿನ ನಗರ) ಅವರ ಮೂರು ರಾಜಧಾನಿಗಳು. ಕವಲೇದುರ್ಗ ಇವುಗಳ ಬೆನ್ನಿಗಿದ್ದ ಗಿರಿದುರ್ಗ.

ರೈಲಿನಲ್ಲಿ ಬರುವವರಿಗೆ ತಾಳಗುಪ್ಪವೇ ಕೊನೆಯ ನಿಲ್ದಾಣ. ಶಿವಮೊಗ್ಗದಿಂದ ಬರುವ ಹಳಿ 1940ರಲ್ಲಿ ಇಲ್ಲಿಗೆ ಮುಟ್ಟಿತು, ಅಲ್ಲಿಂದ ಮುಂದೆ ಬೆಳೆಯಲೇ ಇಲ್ಲ. ಇಳಿದ ಪ್ರವಾಸಿಗರಲ್ಲಿ ಹೆಚ್ಚಿನವರು ನೇರವಾಗಿ ಜೋಗದ ದಾರಿ ಹಿಡಿಯುತ್ತಾರೆ. ಬೆನ್ನು ತಿರುಗಿಸಿ ಸಾಗರದ ಕಡೆ ಹೊರಟವರಿಗೆ ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗ ಇದೇ ಸಾಲಿನಲ್ಲಿ ಸಿಗುತ್ತವೆ. ಮೂರು ರಾಜಧಾನಿಗಳ ಮಟ್ಟಿಗೆ ಇದು ಇತಿಹಾಸದ ಸಾಲೂ ಹೌದು. ಬಯಲುಸೀಮೆಯ ಕಡೆಯಿಂದ ವೈರಿಗಳ ಒತ್ತಡ ಹೆಚ್ಚಿದಂತೆಲ್ಲ ಅರಸರ ಬೀಡು ದಕ್ಷಿಣಕ್ಕೆ, ಘಟ್ಟದ ಅಂಚಿನ ದಟ್ಟ ಕಾಡಿಗೆ, ಹೆಚ್ಚು ಮಳೆಯ ನೆಲಕ್ಕೆ ಸರಿಯುತ್ತ ಹೋಯಿತು.

ಕಾಡಿನೊಳಗಿನ ಹಾಳೂರು ಎಂದರೆ ಇಂದಿನ ಓದುಗರ ಕಣ್ಣಿಗೆ ಕಟ್ಟುವುದು ಮೆಕ್ಸಿಕೊ, ಗ್ವಾಟೆಮಾಲಾಗಳ ಮಾಯಾ ಪಿರಮಿಡ್ಡುಗಳು. ಚಿಚೆನ್ ಇಟ್ಜಾದ ಕುಕುಲ್ಕಾನ್ ಪಿರಮಿಡ್ಡು ಸುಮಾರು 30 ಮೀಟರ್ ಎತ್ತರವಿದೆ. ನಾಲ್ಕು ಕಡೆಗೂ 91ರಂತೆ ಮೆಟ್ಟಿಲುಗಳು, ಮೇಲಿನ ಗುಡಿಯ ಹಂತವೊಂದು ಸೇರಿ ವರ್ಷದ ದಿನಗಳಷ್ಟು, ಅಂದರೆ 365. ಆದರೆ ಮಾಯಾ ಊರೆಂದರೆ ಪಿರಮಿಡ್ಡಷ್ಟೇ ಅಲ್ಲ. ಜನಸಾಮಾನ್ಯರು ಬಾಳಿದ್ದು ಕಂಬ ನೆಟ್ಟು, ತಡಿಕೆ ಕಟ್ಟಿ, ಮಣ್ಣು ಮೆತ್ತಿ, ಹುಲ್ಲು ಹೊದಿಸಿದ ಮನೆಗಳಲ್ಲಿ. ಅವು ಕೊಳೆತು ಹೋಗಿ, ಕಲ್ಲಿನ ಗುಡಿಗೋಪುರಗಳು ಮಾತ್ರ ಉಳಿದವು. ಉತ್ತರ ಗ್ವಾಟೆಮಾಲಾದ ಕಾಡಿನ ಮೇಲೆ ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲವನ್ನು ಅಳೆದಾಗ ಮರಗಳಡಿ ಅಡಗಿದ್ದ 60 ಸಾವಿರಕ್ಕೂ ಹೆಚ್ಚು ಕಟ್ಟಡಗಳ ಕುರುಹು ಕಾಣಿಸಿಕೊಂಡಿತೆಂದು 2018ರಲ್ಲಿ ಪ್ರಕಟವಾಯಿತು. ಮನೆ, ಜಗಲಿ, ರಸ್ತೆ, ಕಾಲುವೆ ಎಲ್ಲ ಇದ್ದವು.

ಮಲೆನಾಡಿನಲ್ಲೂ ಲೆಕ್ಕ ಇದೇ, ಕಾಲ ಮಾತ್ರ ಇನ್ನೂ ಕಡಿಮೆ. ಮಾಯಾ ಜನರ ಟಿಕಾಲ್ ನಗರ ಬರಿದಾಗಿ ಸಾವಿರ ವರ್ಷ ಕಳೆದಿದೆ. ಬಿದನೂರು ಬಿದ್ದು ಮುನ್ನೂರು ವರ್ಷವೂ ತುಂಬಿಲ್ಲ. ಅಷ್ಟರಲ್ಲೇ ಇಡೀ ನಗರ ನೆಲಸಮವಾಗಿ ಅಡಿಪಾಯ, ಕೊಳ, ಕೋಟೆಬಾಗಿಲು, ದೇವಸ್ಥಾನಗಳಷ್ಟೇ ನಿಂತಿವೆ. ಹಂಪೆಯನ್ನು ನೋಡಿದ ಕಣ್ಣಿನಿಂದ ಇಲ್ಲಿಗೆ ಬಂದವರಿಗೆ ನಿರಾಸೆಯಾಗುವುದು ಇದರಿಂದಲೇ. ಅಲ್ಲಿ ಬಂಡೆ ಧಾರಾಳ, ಮಳೆ ಕಡಿಮೆ. ಇಲ್ಲಿ ಮರ ಧಾರಾಳ, ಮಳೆ ವಿಪರೀತ. ಅರಮನೆಯನ್ನೂ ಮಣ್ಣು ಮರಗಳಲ್ಲೇ ಕಟ್ಟುತ್ತಿದ್ದ ನಾಡಿನ ಹಾಳೂರನ್ನು ಓದುವ ಬಗೆ ಬೇರೆ.

ಕೆಳದಿ ಮತ್ತು ಇಕ್ಕೇರಿ

ಮನೆತನದ ಮೂಲಪುರುಷರು ಚೌಡಪ್ಪ ಮತ್ತು ಭದ್ರಪ್ಪ ಎಂಬ ಅಣ್ಣತಮ್ಮಂದಿರು. ವಿಜಯನಗರದ ಅರಸರಿಂದ ಇವರಿಗೆ ನಾಯಕತನ ದೊರೆಯಿತು. ಸಾಗರದಿಂದ ಉತ್ತರಕ್ಕೆ ಸುಮಾರು 8 ಕಿಲೋಮೀಟರ್ ದೂರದ ಕೆಳದಿಯಲ್ಲಿ ಈಗ ಕಾಣುವುದು ರಾಮೇಶ್ವರ, ಪಾರ್ವತಿ ಮತ್ತು ವೀರಭದ್ರ ಗುಡಿಗಳು. ವೀರಭದ್ರ ಗುಡಿಯ ಮಾಳಿಗೆಯಡಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡದೆ ಬರುವವರಿಲ್ಲ. ಊರಿನಲ್ಲಿ ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯವಿದೆ. ಓಲೆಗರಿ, ಕಡತ, ನಾಣ್ಯ, ಆಯುಧಗಳನ್ನು ಇಲ್ಲಿ ನೋಡಿಕೊಂಡು ಮುಂದಿನ ಊರುಗಳಿಗೆ ಹೋದರೆ ಬರಿಯ ಅಡಿಪಾಯಕ್ಕೂ ಅರ್ಥ ಬರುತ್ತದೆ.

ಇಕ್ಕೇರಿ ಸಾಗರದಿಂದ ದಕ್ಷಿಣಕ್ಕೆ ಸುಮಾರು 6 ಕಿಲೋಮೀಟರ್. ಹದಿನಾರನೆಯ ಶತಮಾನದಿಂದ 1639-40ರವರೆಗೆ ಇದೇ ರಾಜಧಾನಿಯಾಗಿತ್ತು. ಮಲೆನಾಡಿನ ಹಾಳೂರುಗಳ ಬಗ್ಗೆ ಸಿಗುವ ಅತ್ಯುತ್ತಮ ಸಾಕ್ಷಿಯೂ ಇಕ್ಕೇರಿಯದೇ. 1623ರ ನವೆಂಬರಿನಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ವೆಂಕಟಪ್ಪ ನಾಯಕನ ಆಸ್ಥಾನವನ್ನೂ ಊರನ್ನೂ ಕಂಡು ಬರೆದಿಟ್ಟಿದ್ದಾನೆ. ಅವನು ಕಂಡ ಹೊರಸುತ್ತಿನ ಗೋಡೆ ಕಲ್ಲಿನದಲ್ಲ. ಒತ್ತೊತ್ತಾಗಿ ಬೆಳೆಸಿದ ಬಿದಿರ ಮೆಳೆಯೇ ಕೋಟೆ, ಕಾಲಾಳಾಗಲಿ ಕುದುರೆಯಾಗಲಿ ನುಗ್ಗಲಾರದಷ್ಟು ದಟ್ಟ. ಬೀದಿಗಳು ಉದ್ದ, ಕೆಲವೆಡೆ ದೊಡ್ಡ ಮರಗಳ ನೆರಳು, ಮನೆಗಳು ಮಾತ್ರ ವಿರಳ, ಕಟ್ಟಡವಾಗಿ ಸಾಧಾರಣ. ಯುರೋಪಿನ ಒತ್ತಾದ ಊರುಗಳನ್ನು ಕಂಡವನಿಗೆ ಇದು ಕೊರತೆಯಾಗಿ ಕಂಡಿತು. ತೋಟ, ಬ್ಯಾಣ, ಕಾನುಗಳ ನಡುವೆ ಒಂದೊಂದೇ ಮನೆ ಚದುರಿರುವ ಇಂದಿನ ಸಾಗರ ಸೀಮೆಯ ಹಳ್ಳಿಯನ್ನು ಬಲ್ಲವರಿಗೆ ಅದರಲ್ಲಿ ಹೊಸದೇನಿಲ್ಲ. ದೆಲ್ಲಾ ವಾಲ್ಲೆ ಕೊರತೆಯೆಂದದ್ದು ಮಲೆನಾಡಿನ ವಾಸದ ಕ್ರಮವೇ ಎಂದು ಈ ಲೇಖನದ ಅಭಿಪ್ರಾಯ.

ಇಕ್ಕೇರಿಗೆ ಒಂದರೊಳಗೊಂದರಂತೆ ಮೂರು ಸುತ್ತಿನ ರಕ್ಷಣೆಯಿತ್ತು. ಒಳಕೋಟೆಯ ಅರಮನೆ ಮಣ್ಣು ಮತ್ತು ಮರದ್ದು, ಅದಕ್ಕೆ ಕೆತ್ತನೆಯೂ ಹುಸಿಚಿನ್ನದ ಲೇಪವೂ ಇದ್ದವು ಎಂದು ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ಅದರ ಒಂದು ತೊಲೆಯೂ ಇಂದಿಲ್ಲ. ಉಳಿದಿರುವುದು ಅಘೋರೇಶ್ವರ ದೇವಸ್ಥಾನ. ಉತ್ತರಕ್ಕೆ ಮುಖಮಾಡಿದ ಈ ಕಣಶಿಲೆಯ ಕಟ್ಟಡದಲ್ಲಿ ಹೊಯ್ಸಳ, ದ್ರಾವಿಡ ಶೈಲಿಗಳೂ ದಖನಿನ ಸುಲ್ತಾನರ ಕಮಾನುಗಳ ನೆನಪೂ ಬೆರೆತಿವೆ. ಮುಂದೆ ಪ್ರತ್ಯೇಕ ನಂದಿಮಂಟಪ, ಪಕ್ಕದಲ್ಲಿ ಪಾರ್ವತಿಯ ಗುಡಿ. ಗರ್ಭಗುಡಿಯ ಎದುರಿನ ನೆಲದ ಮೇಲೆ ಮೂವರು ಕೆಳದಿ ಅರಸರು ದೇವರಿಗೆ ನಮಸ್ಕರಿಸುವಂತೆ ಕೆತ್ತಿ, ತಲೆಯ ಬಳಿ ಹೆಸರು ಬರೆದಿದ್ದಾರೆ. ಭಕ್ತರ ಕಾಲಧೂಳು ತಮ್ಮ ಮೇಲೆ ಬೀಳಲೆಂಬ ದೈನ್ಯ ಇದರ ಹಿಂದಿದೆ. ನೋಡಬಂದವರು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವುದರಿಂದ ಅರಸರ ಆಸೆ ದಿನವೂ ನೆರವೇರುತ್ತಿದೆ ಎನ್ನಬಹುದು.

ಇಕ್ಕೇರಿಯ ಹೆಸರು ಊರಿಗಿಂತ ಗಟ್ಟಿಯಾಗಿ ಉಳಿದದ್ದು ನಾಣ್ಯದಲ್ಲಿ. ಟಂಕಸಾಲೆ ಬೇರೆಡೆಗೆ ಹೋದ ಮೇಲೂ ಕೆಳದಿಯ ಚಿನ್ನದ ನಾಣ್ಯವನ್ನು ಜನ ಇಕ್ಕೇರಿ ವರಹವೆಂದೇ ಕರೆದರು. ಅದರ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನು ಹೈದರಾಲಿ ಬಿದನೂರು ಗೆದ್ದ ಬಳಿಕವೂ ತನ್ನ ವರಹದಲ್ಲಿ ಹಾಗೇ ಉಳಿಸಿಕೊಂಡ, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಒತ್ತಿಸಿದ. ಸಂತೆಯಲ್ಲಿ ನಡೆಯುವ ನಾಣ್ಯದ ಮುಖ ಬದಲಿಸುವ ಗೋಜಿಗೆ ಹೋಗದ ವ್ಯವಹಾರಜ್ಞಾನ ಅದು.

ಚಂಪಕ ಸರಸ್ಸು

ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ಮಲಂದೂರಿನಲ್ಲಿರುವ ಮೆಟ್ಟಿಲುಗೊಳ ಇದು. ವೆಂಕಟಪ್ಪ ನಾಯಕನು ಚಂಪಕ ಎಂಬ ಹೆಣ್ಣನ್ನು ಮೆಚ್ಚಿದ, ಪಟ್ಟದರಾಣಿ ಮುನಿದಳು, ನೊಂದ ಚಂಪಕ ಪ್ರಾಣ ಬಿಟ್ಟಳು, ಅವಳ ನೆನಪಿಗೆ ಅರಸ ಕೊಳ ಕಟ್ಟಿಸಿದ ಎಂಬುದು ಜನ ಹೇಳುವ ಕಥೆ. ಕಥೆಯೇನೇ ಇರಲಿ, ಕೊಳ ನೋಡುವಂಥದ್ದು. ನಾಲ್ಕೂ ಕಡೆಯಿಂದ ಹಂತಹಂತವಾಗಿ ಇಳಿಯುವ ಕಲ್ಲು, ನೀರಿನ ನಡುವೆ ಪುಟ್ಟ ಗುಡಿ. ಮಾಯಾ ಜನರ ಕಲ್ಲುಮೆಟ್ಟಿಲು ಆಕಾಶದ ಕಡೆ ಏರಿದರೆ ಕೆಳದಿಯವರ ಕಲ್ಲುಮೆಟ್ಟಿಲು ನೀರಿನ ಕಡೆ ಇಳಿಯುತ್ತದೆ. ಈ ಸೀಮೆಯಲ್ಲಿ ಪಿರಮಿಡ್ಡಿನ ಹೋಲಿಕೆ ಹುಡುಕುವವರು ಬೆಟ್ಟದ ನೆತ್ತಿಯಲ್ಲಲ್ಲ, ಕೊಳದೊಳಗೆ ಹುಡುಕಬೇಕು. ಹೂಳು ತುಂಬಿದ್ದ ಈ ಕೊಳವನ್ನು ಈಚಿನ ವರ್ಷಗಳಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಹೂಳೆತ್ತಿಸಿ ಸರಿಪಡಿಸಿದೆ.

ಬಿದನೂರು (ನಗರ)

1637ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಾಳಿಯಿಂದ ಇಕ್ಕೇರಿ ಹಾಳಾಯಿತು. ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಒಯ್ದ. ಹೊಸನಗರದಿಂದ ಸುಮಾರು 17 ಕಿಲೋಮೀಟರ್ ದೂರದ ಈ ಜಾಗ ಘಟ್ಟದ ಅಂಚಿನಲ್ಲಿದೆ. ಹೊಸಂಗಡಿ ಘಾಟಿ ಇಳಿದರೆ ಕುಂದಾಪುರದ ಕಡಲು. ಅಕ್ಕಿ, ಮೆಣಸು, ಅಡಕೆ ಇಳಿಯುವ ದಾರಿಯ ನೆತ್ತಿಯಲ್ಲಿ ಕೂತ ಊರು ಬೆಳೆಯದೆ ಇರುವುದಾದರೂ ಹೇಗೆ?

ಬೆಳೆಸಿದವನು ಶಿವಪ್ಪ ನಾಯಕ (1645-1660). ಊರಿಗಿಂತ ಹೆಚ್ಚು ಬಾಳಿದ್ದು ಅವನ ಶಿಸ್ತು, ಅಂದರೆ ಕಂದಾಯದ ಕಟ್ಟಳೆ. ನೆಲವನ್ನು ಗುಣಕ್ಕೆ ತಕ್ಕಂತೆ ಐದು ದರ್ಜೆಯಾಗಿ ವಿಂಗಡಿಸಿ, ಒಂದೊಂದು ಬಗೆಯ ಗದ್ದೆಯನ್ನು ಸರ್ಕಾರದ ಖರ್ಚಿನಲ್ಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಸರಾಸರಿ ಹಿಡಿದು ತೆರಿಗೆ ಗೊತ್ತುಮಾಡಿದ. ಅಡಕೆ ತೋಟಕ್ಕೆ ಮರದ ಎಣಿಕೆಯ ಮೇಲೆ ತೆರಿಗೆ. ಮಲೆನಾಡಿನವರು ಲೆಕ್ಕ ಬಿಗಿಯಾಗಿದ್ದಾಗ ಶಿವಪ್ಪನಾಯಕನ ಶಿಸ್ತು ಎನ್ನುವುದು ಇಂದಿಗೂ ಉಂಟು. 1672ರಿಂದ 1697ರವರೆಗೆ ಆಳಿದ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದಳು. ಅವಳ ನಂತರ ಪಟ್ಟವೇರಿದ ಬಸಪ್ಪ ನಾಯಕ ಸ್ವತಃ ಪಂಡಿತ. ಸಂಸ್ಕೃತದ 'ಶಿವತತ್ತ್ವರತ್ನಾಕರ' ಅವನದೇ ವಿಶ್ವಕೋಶ.

ಬಿದನೂರಿನ ಗೋಡೆಯ ಸುತ್ತಳತೆ 8 ಮೈಲಿ, ಬಾಗಿಲುಗಳು ಹತ್ತು. ದಿಲ್ಲಿ ಬಾಗಿಲು, ಕೋಡಿಯಾಲ (ಮಂಗಳೂರು) ಬಾಗಿಲು, ಕವಲೇದುರ್ಗ ಬಾಗಿಲು ಎಂಬಂತೆ ಅವುಗಳ ಹೆಸರುಗಳನ್ನು ರೈಸ್ ಕೊಡುತ್ತಾನೆ. ಮನೆಗಳ ಸಂಖ್ಯೆ ಲಕ್ಷದ ಹತ್ತಿರ ಬಂದದ್ದರಿಂದ ನಗರವೆನಿಸಿಕೊಂಡಿತೆಂಬ ಮಾತನ್ನೂ ಅವನು ಕೇಳಿ ಬರೆದಿದ್ದಾನೆ. ಲಕ್ಷ ಮನೆ ಎಂಬುದು ಹೊಗಳಿಕೆಯ ಲೆಕ್ಕ. ಆದರೆ 8 ಮೈಲಿಯ ಸುತ್ತನ್ನು ತಳ್ಳಿಹಾಕುವಂತಿಲ್ಲ. ರಸ್ತೆಬದಿಯ ದಿಬ್ಬದ ಮೇಲಿನ ಕೋಟೆಯನ್ನೇ ಇಡೀ ಬಿದನೂರು ಎಂದು ತಿಳಿದು ಹೊರಡುವ ಪ್ರವಾಸಿಗರು ನೋಡಿದ್ದು ಒಳಕೋಟೆಯನ್ನು ಮಾತ್ರ. ಊರು ಇದ್ದದ್ದು ಅದರ ಸುತ್ತಲಿನ ತೋಟ, ಗದ್ದೆ, ಕಾಡುಗಳಿರುವ ಕಡೆಯೆಲ್ಲ.

ಒಳಕೋಟೆಗೆ ಕಂದಕ, ಬತೇರಿ, ಹೆಬ್ಬಾಗಿಲು ಉಳಿದಿವೆ. ಬಾಗಿಲು ದಾಟಿ ಏರುವ ದಾರಿ ನೆಟ್ಟಗೆ ಹೋಗದೆ ತಿರುಗಿ ತಿರುಗಿ ಹೋಗುತ್ತದೆ, ನುಗ್ಗಿದವನ ವೇಗ ಮುರಿಯಲೆಂದು. ಮೇಲೆ ದರ್ಬಾರು ನಡೆಯುತ್ತಿದ್ದ ಕಟ್ಟಡದ ಅಡಿಪಾಯ, ಅಕ್ಕತಂಗಿ ಕೊಳ ಎಂಬ ಜೋಡಿಕೊಳ. ಊರಿನಲ್ಲಿ ನೀಲಕಂಠೇಶ್ವರ ದೇವಸ್ಥಾನವಿದೆ. ಕೊಪ್ಪಲು ಮಠದಲ್ಲಿ ಚೆನ್ನಮ್ಮಾಜಿಯೂ ಸೇರಿದಂತೆ ಮನೆತನದವರ ಸಮಾಧಿಗಳಿವೆ. ಅರಸರು ವೀರಶೈವರಾದ್ದರಿಂದ ಹೂಳುವ ಪದ್ಧತಿ, ಸಮಾಧಿಯ ಮೇಲ್ವಿಚಾರಣೆ ಮಠದ್ದು.

ನಗರದ ಅವಶೇಷಗಳಲ್ಲಿ ಜೀವಂತವಾಗಿರುವುದು ದೇವಗಂಗೆಯ ಕೊಳಗಳು. ಬಸವನಬ್ಯಾಣದಲ್ಲಿ ಒಂದಕ್ಕೊಂದು ಹೊಂದಿಕೊಂಡಂತೆ ಬೇರೆ ಬೇರೆ ಆಕಾರದ ಕೊಳಗಳನ್ನು ಕಟ್ಟಿ, ಗುಡ್ಡದ ಒರತೆಯನ್ನು ಕಲ್ಲಿನ ಕಾಲುವೆಯಲ್ಲಿ ತಂದು, ಒಂದು ತುಂಬಿದ ಮೇಲೆ ಮುಂದಿನದಕ್ಕೆ ಹರಿಯುವಂತೆ ಮಾಡಿದ್ದಾರೆ. ದೊಡ್ಡ ಕೊಳದ ನಡುವೆ ಮಂಟಪ. ಅರಮನೆ ಮಣ್ಣುಗೂಡಿದರೂ ನೀರು ಕಟ್ಟಿದವರ ಮಾತನ್ನು ಇನ್ನೂ ಕೇಳುತ್ತಿದೆ.

1763ರಲ್ಲಿ ಹೈದರಾಲಿ ಬಂದಾಗ ಪಟ್ಟದಲ್ಲಿದ್ದವಳು ವೀರಮ್ಮಾಜಿ. ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬ ಕಾಡಿನ ಒಳದಾರಿ ತೋರಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ರಾಣಿ ಊರು ಬಿಟ್ಟಳು, ಅರಮನೆಗೆ ಬೆಂಕಿ ಬಿತ್ತು, ಜನ ಕಾಡು ಸೇರಿದರು. ಹೈದರ್ ಬೆಂಕಿ ಆರಿಸಿ, ಮನೆಗಳಿಗೆ ಮುದ್ರೆ ಹಾಕಿಸಿ, ಸಂಪತ್ತನ್ನೆಲ್ಲ ವಶಪಡಿಸಿಕೊಂಡ. ಅದರ ಬೆಲೆ ಸುಮಾರು 1 ಕೋಟಿ 20 ಲಕ್ಷ ಪೌಂಡೆಂದು ವಿಲ್ಕ್ಸನ ಅಂದಾಜು. ಹೈದರನ ಮುಂದಿನ ಏಳಿಗೆಗೆ ಈ ಹಣವೇ ತಳಹದಿ. ಊರಿಗೆ ಹೈದರ್‌ನಗರವೆಂದು ಹೆಸರಿಟ್ಟು ಇಲ್ಲಿ ಟಂಕಸಾಲೆಯನ್ನೂ ನಡೆಸಿದ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಾಟಿ ಹತ್ತಿ ನಗರವನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಎರಡು ಮುತ್ತಿಗೆಗಳ ನಡುವೆ ಊರು ಚೇತರಿಸಿಕೊಳ್ಳಲಿಲ್ಲ.

ಹಾಳಾದ ರಾಜಧಾನಿಗೂ ರಾಜಕೀಯದ ಬಲ ಉಳಿದಿತ್ತು. 1830-31ರಲ್ಲಿ ಬಿದನೂರಿನ ವಾರಸುದಾರ ನಾನೇ ಎಂದು ಬೂದಿ ಬಸವಪ್ಪ ಎದ್ದು ನಿಂತ. ಕಂದಾಯದ ಹೊರೆಯಿಂದ ಬಳಲಿದ್ದ ರೈತರು ಅವನ ಹಿಂದೆ ಹೋದರು. ಈ ನಗರದ ದಂಗೆಯನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಯಿತು. ಆ ಊರೇ ಇಂದಿನ ಹೊಸನಗರ.

ಕವಲೇದುರ್ಗ

ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿರುವ ಈ ಗಿರಿದುರ್ಗಕ್ಕೆ ಭುವನಗಿರಿ ಎಂಬ ಹೆಸರೂ ಇದೆ. ಇದನ್ನು ದೊಡ್ಡದಾಗಿ ಕಟ್ಟಿಸಿದವನು ವೆಂಕಟಪ್ಪ ನಾಯಕ. ಅರಮನೆ, ಉಗ್ರಾಣ, ಖಜಾನೆ, ಆನೆಲಾಯ, ಕುದುರೆಲಾಯಗಳ ಜೊತೆಗೆ ಮಹತ್ತಿನ ಮಠವನ್ನೂ ಅಗ್ರಹಾರವನ್ನೂ ಇಲ್ಲಿ ನೆಲೆಗೊಳಿಸಿದ. ಕೋಟೆಯೆಂದರೆ ಸೈನಿಕರ ಠಾಣ್ಯ ಮಾತ್ರವಾಗಿರದೆ ಇಡೀ ಊರೇ ಬೆಟ್ಟದ ಮೇಲಿತ್ತು. ತೀರ್ಥಹಳ್ಳಿ ತಾಲ್ಲೂಕನ್ನು 1880ರ ದಶಕದವರೆಗೂ ಕವಲೇದುರ್ಗ ತಾಲ್ಲೂಕೆಂದೇ ಕರೆಯುತ್ತಿದ್ದರು.

ಹತ್ತುವ ದಾರಿ ಗದ್ದೆಗಳ ಅಂಚಿನಿಂದ ಶುರುವಾಗಿ ಕಲ್ಲುಹಾಸಿನ ಮೇಲೆ ಕಾಡಿನೊಳಗೆ ಸಾಗುತ್ತದೆ. ಬೆಟ್ಟದ ಏರಿಳಿತವನ್ನೇ ಅನುಸರಿಸಿ ಮೂರು ಸುತ್ತು ಗೋಡೆ. ಆಳೆತ್ತರವನ್ನೂ ಮೀರಿದ ದಿಂಡುಗಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿರುವ ಕಡೆಗಳಲ್ಲಿ ಸಂದಿನೊಳಗೆ ಬೇರು ಇಳಿದಿದೆ, ಗೋಡೆ ಕದಲಿಲ್ಲ. ಒಂದೊಂದು ಹೆಬ್ಬಾಗಿಲಿನ ಎರಡೂ ಮಗ್ಗುಲಿಗೆ ಕಾವಲಿನವರ ಕೋಣೆ. ಒಳಗೆ ಕಾಶಿ ವಿಶ್ವನಾಥ ಗುಡಿ, ಅದರ ಮುಂದೆ ಎರಡು ಎತ್ತರದ ಕಂಬ, ಪಕ್ಕದಲ್ಲಿ ನಾಗತೀರ್ಥ. ನೆತ್ತಿಯ ಬಂಡೆಯ ಮೇಲೆ ಶಿಖರೇಶ್ವರನ ಪುಟ್ಟ ಗುಡಿ. ಅಲ್ಲಿ ನಿಂತರೆ ಕೊಡಚಾದ್ರಿಯ ಸಾಲು ಕಾಣುತ್ತದೆ, ಶತ್ರು ಯಾವ ಕಣಿವೆಯಿಂದ ಬಂದರೂ ಮೊದಲೇ ತಿಳಿಯುವ ಜಾಗ.

ಇಡೀ ಸೀಮೆಯಲ್ಲಿ ಕೆಳದಿ ಅರಮನೆಯ ವಿನ್ಯಾಸ ಕಣ್ಣಿಗೆ ಸಿಗುವುದು ಇಲ್ಲೇ. ಅಗೆತದಿಂದ ಹೊರಬಂದ ಜಗಲಿ, ಕಂಬದ ಪೀಠ, ಮೆಟ್ಟಿಲುಗಳ ಮೇಲೆ ನಡೆದುಕೊಂಡು ಹೋದರೆ ಮನೆಯ ನಕ್ಷೆ ತಾನಾಗಿ ತೆರೆದುಕೊಳ್ಳುತ್ತದೆ. ಇದು ದೇವರ ಕೋಣೆ, ಇದು ಬಚ್ಚಲು, ನೀರು ಬರುವ ಮತ್ತು ಹೋಗುವ ಕಲ್ಲಿನ ದೋಣಿ, ಇದು ಅಡುಗೆಮನೆ. ಹಲವು ಪಾತ್ರೆಗಳನ್ನು ಒಟ್ಟಿಗೆ ಇಡುವ ಕಲ್ಲಿನ ಒಲೆ ಅಲ್ಲೇ ಇದೆ. ಮಲೆನಾಡಿನ ದೊಡ್ಡ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಯಾವ ಫಲಕವೂ ಬೇಡ, ಜಗಲಿಯಿಂದ ಒಲೆಯವರೆಗಿನ ದಾರಿ ಕಾಲಿಗೆ ಗೊತ್ತು. ಮರದ ಕಂಬ, ಮುಚ್ಚಿಗೆ, ಹೆಂಚನ್ನು ಮನಸ್ಸಿನಲ್ಲೇ ಮೇಲೆ ಕೂರಿಸಿಕೊಳ್ಳಬೇಕು.

ಬೆಟ್ಟದ ಮೇಲೆ ಏಳು ಕೊಳಗಳಿವೆ ಎನ್ನುತ್ತಾರೆ. ಮಳೆನಾಡಿನಲ್ಲಿ ಇಷ್ಟೊಂದು ಕೊಳ ಯಾಕೆಂದು ಕೇಳುವವರು ಮಾರ್ಚಿ ಏಪ್ರಿಲಿನಲ್ಲಿ ಹತ್ತಿ ನೋಡಬೇಕು. ನಾಲ್ಕು ತಿಂಗಳು ಸುರಿದ ನೀರು ಬೆಟ್ಟದ ಮೇಲೆ ನಿಲ್ಲುವುದಿಲ್ಲ. ಹಿಡಿದಿಟ್ಟರೆ ಮಾತ್ರ ಮುತ್ತಿಗೆಯ ಕಾಲಕ್ಕೆ ಕುಡಿಯಲು ಉಂಟು. ಟಿಕಾಲಿನ ಮಾಯಾ ಜನರದ್ದೂ ಇದೇ ತಾಪತ್ರಯ. ಹೊಳೆಯಿಲ್ಲದ ಊರಿನಲ್ಲಿ ಅವರು ಅಂಗಳಗಳನ್ನು ಓರೆಯಾಗಿ ಕಟ್ಟಿ ಮಳೆನೀರನ್ನು ದೊಡ್ಡ ಹೊಂಡಗಳಿಗೆ ಹರಿಸಿಕೊಂಡರು.

ನೆರೆಯ ಅವಶೇಷಗಳು

ಹೊಸನಗರ ತಾಲ್ಲೂಕಿನ ಹುಂಚ ಇವಕ್ಕಿಂತ ಹಳೆಯದು, ಸಾಂತರ ಅರಸರ ರಾಜಧಾನಿ. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ಅಲ್ಲಿದೆ. ಪದ್ಮಾವತಿ ದೇವಿಯ ಕ್ಷೇತ್ರವಾಗಿ ಇಂದಿಗೂ ಜನಜಂಗುಳಿ ಇರುವುದರಿಂದ ಅದನ್ನು ಹಾಳೂರೆನ್ನಲಾಗದು. ಇನ್ನೊಂದು ದಿಕ್ಕಿನಲ್ಲಿ, ತಾಳಗುಪ್ಪದಿಂದ ಜೋಗ ದಾಟಿ ಘಟ್ಟ ಇಳಿದರೆ ಶರಾವತಿ ದಂಡೆಯ ನಗಿರೆಯ, ಅಂದರೆ ಗೇರುಸೊಪ್ಪೆಯ ಅವಶೇಷಗಳು ಸಿಗುತ್ತವೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದ ಚೆನ್ನಭೈರಾದೇವಿಯ ಊರು ಇದು. ವೆಂಕಟಪ್ಪ ನಾಯಕನ ಕೈಗೆ ಬಿದ್ದ ಮೇಲೆ ಕಾಡಾಯಿತು. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಕಾಡಿನ ನಡುವೆ ಒಂಟಿಯಾಗಿ ನಿಂತಿದೆ. ಕಾಡು ನುಂಗಿದ ಊರಿನ ಅನುಭವ ಬೇಕಾದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ನೋಡುವ ಬಗೆ

ಇಕ್ಕೇರಿಯ ದೇವಸ್ಥಾನ, ನಗರದ ಕೋಟೆ ಮತ್ತು ದೇವಗಂಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಆದರೆ ಬಿದನೂರಿನ ಹೊರಸುತ್ತಿನ ಗೋಡೆಗೆ, ಇಕ್ಕೇರಿಯ ಹಳೆಯ ಬೀದಿಗಳಿಗೆ, ತೋಟದೊಳಗಿನ ಬಾವಿ ಮತ್ತು ವೀರಗಲ್ಲುಗಳಿಗೆ ಅಂಥ ಕಾವಲಿಲ್ಲ. ಗೋಡೆಯ ಕಲ್ಲು ಪಾಗಾರಕ್ಕೆ ಹೋಗುವುದು, ನಿಧಿಯಾಸೆಗೆ ನಂದಿಯ ಬುಡ ಅಗೆಯುವುದು ರಾಜ್ಯದ ಎಲ್ಲ ಹಾಳೂರುಗಳ ಪಾಡು. ಗ್ವಾಟೆಮಾಲಾದಲ್ಲಿ ಆದಂಥ ಲೇಸರ್ ಮೋಜಣಿ ನಗರದ ಸುತ್ತಲಿನ ಕಾಡಿನ ಮೇಲೆ ನಡೆದರೆ 8 ಮೈಲಿಯ ಊರಿನ ನಕ್ಷೆ ಗೆರೆ ಎಳೆದಂತೆ ಸಿಗುತ್ತದೆ. ಇನ್ನೊಂದು ಕೋಟೆಬಾಗಿಲಿಗೆ ಸಿಮೆಂಟು ಮೆತ್ತುವುದಕ್ಕಿಂತ ಈ ಕೆಲಸ ಮೊದಲು ಆಗಬೇಕು.

ಜೂನಿನಿಂದ ಸೆಪ್ಟೆಂಬರಿನವರೆಗೆ ಕವಲೇದುರ್ಗದ ಕಲ್ಲುಹಾಸು ಪಾಚಿಗಟ್ಟಿ ಜಾರುತ್ತದೆ, ಇಂಬಳಗಳ ಕಾಟ ಬೇರೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ: ಕೊಳಗಳಲ್ಲಿ ನೀರಿರುತ್ತದೆ, ಅಡಿಪಾಯ ಮುಚ್ಚುವಷ್ಟು ಹುಲ್ಲಿರುವುದಿಲ್ಲ. ಒಂದೇ ದಿನ ಬಿಡುವಿದ್ದರೆ ಕವಲೇದುರ್ಗವೊಂದನ್ನೇ ನಿಧಾನವಾಗಿ ನೋಡುವುದು ಮೇಲು. ಎರಡು ದಿನವಿದ್ದರೆ ಕೆಳದಿಯ ವಸ್ತುಸಂಗ್ರಹಾಲಯದಿಂದ ಆರಂಭಿಸಿ ಇಕ್ಕೇರಿ ನೋಡಿಕೊಂಡು ನಗರಕ್ಕೆ ಹೋಗಬೇಕು, ಅಲ್ಲಿ ಕೋಟೆ ಹತ್ತಿ ಇಳಿದು ವಾಹನ ಏರಿಬಿಡದೆ ದೇವಗಂಗೆಯವರೆಗಾದರೂ ಹೋಗಿ ಬರಬೇಕು.